ಎದಿ ಅಂದ್ರ ಯಾವ ಎದಿ?

ಮೊನ್ನೆ ನಾಗಪುರದ ಮಹಾಲಿನ ಓಣಿಯೊಂದರಲ್ಲಿ ಪೂಜಾ ಸಾಮಾನಿನ ಅಂಗಡಿಗೆ ಹೋಗಿ ಅರಳೆ ಕೇಳಿದೆ. ಅಂಗಡಿಯವನು ಪ್ಲಾಸ್ಟಿಕ್ ಪೊಟ್ಟಣದ ಹೂಬತ್ತಿ ಮುಂದಿಟ್ಟ. ಮಶೀನಿನಲ್ಲಿ ಮಾಡಿದ್ದು, ಎಲ್ಲವೂ ಒಂದೇ ಅಳತೆ. "ರೆಡಿಮೇಡ್ ಘ್ಯಾ ನಾ ತಾಈ, ಕಶಾಲಾ ತ್ರಾಸ್?" ಎಂದ; ರೆಡಿಮೇಡ್ ತಗೊಳ್ಳಿ ಅಕ್ಕ, ತ್ರಾಸು ಯಾಕೆ ಎಂದು. ನನಗೆ ಆ ತ್ರಾಸೇ ಬೇಕಿತ್ತು. ಬಿಡಿ ಅರಳೆಯೇ ಆಗಬೇಕೆಂದು ಹಟ ಹಿಡಿದೆ. ಅವನು ಮೇಲಿನ ಹಲಗೆಯಿಂದ ನೀಲಿ ಕಾಗದದ ಸುರುಳಿಯೊಂದನ್ನು ತೆಗೆದು, ಧೂಳು ಒರೆಸಿ ಕೊಟ್ಟ. ಸ್ಕೂಟರಿನ ಹತ್ತಿರ ನಿಂತು ಕಾಗದ ಬಿಡಿಸಿ ಮೂಗಿಗೆ ಹಿಡಿದೆ. ಹಸಿ ಹತ್ತಿಯ ವಾಸನೆ... ಸ್ವಲ್ಪ ಬೀಜದ ಎಣ್ಣೆ, ಸ್ವಲ್ಪ ಬಿಸಿಲು, ಸ್ವಲ್ಪ ಧೂಳು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ, ನನಗೆ ಕಾಲು ಏಳಲಿಲ್ಲ. ಕಾಕು ನೆನಪಾಗಿದ್ದರು.

ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ, ಆದರೆ ಈ ಕಾಕು ನನ್ನ ಸಂಬಂಧಿಕರೇನಲ್ಲ. ಲಕ್ಷ್ಮೀ ನಗರದಲ್ಲಿ ನಾವು ಬಾಡಿಗೆಗಿರುವ ಮನೆಯ ಒಡತಿ. ಕೆಳಗಿನ ಮನೆಯಲ್ಲಿ ಅವರು ಮತ್ತು ಅವರ ಯಜಮಾನರಾದ ಕಾಕಾ, ಮೇಲಿನ ಮನೆಯಲ್ಲಿ ನಾನು, ನಮ್ಮವರು, ಅತ್ತೆ ಮತ್ತು ಆಗ ಬಾಲವಾಡಿಗೆ ಹೋಗುತ್ತಿದ್ದ ನಮ್ಮ ಮಗಳು. ನಾನು ಗದಗಿನ ಕಡೆಯವಳು, ಮದುವೆಯಾಗಿ ನಾಗಪುರಕ್ಕೆ ಬಂದವಳು. ಕಾಕು ಹಾಗಲ್ಲ, ಹುಟ್ಟಿದ್ದೇ ಇಲ್ಲಿ. ಅವರ ಅಜ್ಜ ಹುಬ್ಬಳ್ಳಿಯಿಂದ ಹತ್ತಿ ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆ ನಿಂತವರಂತೆ. ಮಾತಾಡುವುದು ಕನ್ನಡ, ಬೈಯುವುದು ಮರಾಠಿ, ಲೆಕ್ಕ ಹಾಕುವುದು ಹಿಂದಿ. ಕನ್ನಡದ ಒಂದಕ್ಷರ ಓದಲು ಬಾರದು, ಆದರೆ ನನ್ನ ಕನ್ನಡವನ್ನು ಮಾತ್ರ ದಿನಾ ತಿದ್ದುತ್ತಿದ್ದರು. "ನಿಮ್ಮ ಗದಗಿನ ಮಂದಿ ಮಾತು ಅರ್ಧ ನುಂಗ್ತೀರಿ" ಎಂದು ದೂರುತ್ತಿದ್ದರು.

ಅವರ ದನಿ ದೊಡ್ಡದು. ತರಕಾರಿ ಗಾಡಿಯವನು ನಮ್ಮ ರಸ್ತೆಗೆ ಬಂದರೆ ಎರಡು ರಸ್ತೆ ಆಚೆಯವರಿಗೆ ಅದು ಕಾಕುವಿನ ಚೌಕಾಸಿಯಿಂದಲೇ ತಿಳಿಯುತ್ತಿತ್ತು. ಯಾರ ಮನೆಯ ಸಾರಿಗೂ ಉಪ್ಪು ಸರಿ ಇಲ್ಲ, ಯಾರ ಸೊಸೆಗೂ ಸೀರೆ ಉಡಲು ಬರುವುದಿಲ್ಲ ಎನ್ನುವುದು ಅವರ ಗಟ್ಟಿ ಅಭಿಪ್ರಾಯ. ಮೊದಮೊದಲು ನನಗೆ ಇವರ ಸಹವಾಸವೇ ಬೇಡ ಅನಿಸಿತ್ತು. ಆಮೇಲೆ ದೀಪದ ವ್ಯವಹಾರ ಶುರುವಾಯಿತು.

ನಮ್ಮ ಮನೆಯಲ್ಲಿ ಹೊರಗಾಗುವ ಪದ್ಧತಿ ಇತ್ತು. ಹೊರಗೆ ಕೂರುವಷ್ಟೇನೂ ಇರಲಿಲ್ಲ; ಆ ದಿನಗಳಲ್ಲಿ ಅಡುಗೆ ಮಾಡಬಹುದು, ಆಫೀಸಿಗೆ ಹೋಗಬಹುದು, ದೇವರ ಗೂಡಿನ ಹತ್ತಿರ ಮಾತ್ರ ಸುಳಿಯಬಾರದು. ಅತ್ತೆಗೆ ಮೊಣಕಾಲು ಮಡಚಲು ಆಗುತ್ತಿರಲಿಲ್ಲ, ಕೈ ನಡುಗುತ್ತಿದ್ದರಿಂದ ಕಡ್ಡಿ ಗೀರಲು ಭಯ. ಮನೆಯ ಗಂಡಸು ದೀಪ ಹಚ್ಚಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ನಮಗೆ ಅತ್ತೆ-ಸೊಸೆಗೆ ಆ ಯೋಚನೆ ಬರಲಿಲ್ಲ, ನಮ್ಮವರಿಗಂತೂ ಬರುವ ಪ್ರಶ್ನೆಯೇ ಇರಲಿಲ್ಲ. ಹೀಗಾಗಿ ತಿಂಗಳು ತಿಂಗಳು ನಾನು ಮೆಟ್ಟಿಲ ಮೇಲೆ ನಿಂತು, "ಕಾಕು, ದೀಪಕ್ಕ ಬರ್ರಿ" ಎಂದು ಕೂಗುತ್ತಿದ್ದೆ. ಅಷ್ಟು ಕೂಗಿದರೆ ಸಾಕು. ಮುಟ್ಟು ನಿಂತು ಎಷ್ಟೋ ವರ್ಷಗಳಾಗಿದ್ದ ಕಾಕು, ಸ್ಟೀಲ್ ಡಬ್ಬಿಯೊಂದನ್ನು ಸೊಂಟಕ್ಕೆ ಒತ್ತಿಕೊಂಡು ಮೇಲೆ ಬರುತ್ತಿದ್ದರು. ಡಬ್ಬಿಯಲ್ಲಿ ಅವರೇ ಹೊಸೆದ ಹೂಬತ್ತಿ. ನಮ್ಮ ಬತ್ತಿ ಅವರಿಗೆ ಸೇರುತ್ತಿರಲಿಲ್ಲ. "ನಿಮ್ಮ ಅರಳಿಗೆ ಎಳೀನ ಇಲ್ಲ. ಚಟಚಟ ಅಂತೈತಿ" ಎಂದು ಮೂಗು ಮುರಿಯುತ್ತಿದ್ದರು. ಹತ್ತಿ ವ್ಯಾಪಾರದ ಮನೆಯವರು, ಅವರ ಮುಂದೆ ಅರಳೆಯ ವಿಚಾರದಲ್ಲಿ ನಾವೇನು ಬಾಯಿ ಬಿಡುವುದು! ನಮ್ಮವರು ಎಷ್ಟೋ ಕಾಲ, ಕಾಕುಗೆ ನಮ್ಮ ಮನೆಯ ದೇವರ ಮೇಲೆ ವಿಶೇಷ ಭಕ್ತಿ ಎಂದೇ ನಂಬಿದ್ದರು.

ಆ ಸುಮಾರಿಗೇ ನನಗೆ ಆ ನೋವು ಶುರುವಾಯಿತು.

ಮೊದಲು ಬರೀ ಭಾರ ಅನಿಸುತ್ತಿತ್ತು. ಆಮೇಲೆ ಎರಡೂ ಕಡೆ ಬಿಗಿತ, ಕಂಕುಳವರೆಗೆ ಎಳೆತ. ಮಗಳು ಓಡಿ ಬಂದು ಎದೆಗೆ ಒರಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಪ್ರತಾಪ ನಗರದ ನನ್ನ ವಿಮಾ ಆಫೀಸಿಗೆ ಸ್ಕೂಟರಿನಲ್ಲಿ ಹೋಗುವಾಗ ಸ್ಪೀಡ್ ಬ್ರೇಕರ್ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಕೆಲವು ದಿನ ಹೀಗೆ ಕಾಡಿ, ತಾನಾಗಿ ಮಾಯವಾಗುವುದು. ಹೋಯಿತಲ್ಲ ಎಂದು ನಾನು ಮರೆಯುವ ಹೊತ್ತಿಗೆ ಮತ್ತೆ ಹಾಜರು.

ನಾನು ಯಾರಿಗೂ ಹೇಳಲಿಲ್ಲ. ಹೇಳದಿರಲು ಕಾರಣವಿತ್ತು. ನನ್ನ ಅವ್ವನ ಅಕ್ಕ, ನನ್ನ ದೊಡ್ಡವ್ವ, ನಾನು ಶಾಲೆಗೆ ಹೋಗುವ ಕಾಲಕ್ಕೆ ತೀರಿಕೊಂಡಳು. ಊರಿಗೆಲ್ಲ ನಮ್ಮ ಮನೆಯವರು ಹೇಳಿದ್ದು "ಎದಿ ಬ್ಯಾನಿ" ಎಂದು. ಜನ ಹಾರ್ಟು ಎಂದುಕೊಂಡರು. ಅದು ಹಾರ್ಟಲ್ಲ. ದೊಡ್ಡವ್ವ ಕುಬಸದೊಳಗೆ ಹಳೆಯ ಸೀರೆಯ ತುಂಡು ಮಡಚಿ ಇಟ್ಟುಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೆ. ಬಚ್ಚಲಿನಲ್ಲಿ ಆ ತುಂಡನ್ನು ಯಾರಿಗೂ ಕಾಣದ ಹಾಗೆ ತಾನೇ ಒಗೆಯುತ್ತಿದ್ದಳು... ಗಡ್ಡೆ ಎಂಬ ಮಾತು ಮನೆಯಲ್ಲಿ ಕೇಳಿದ್ದು ಅವಳನ್ನು ದವಾಖಾನೆಗೆ ಒಯ್ದ ಮೇಲೆ. ಆಗ ಬಹಳ ತಡವಾಗಿತ್ತು.

ಹಾಗಾಗಿ ನೋವು ಬಂದಾಗಲೆಲ್ಲ ನನಗೆ ದೊಡ್ಡವ್ವನ ಸರದಿ ಮುಗಿದು ನನ್ನ ಸರದಿ ಬಂತು ಅನಿಸುತ್ತಿತ್ತು. ಮಗಳ ಜಡೆ ಹಾಕುತ್ತ, ಇವಳ ಜಡೆ ಇನ್ನು ಯಾರು ಹಾಕುತ್ತಾರೋ ಎಂದುಕೊಳ್ಳುತ್ತಿದ್ದೆ. ನಗು ಬರಬಹುದು, ಆದರೆ ನಿಜವಾಗಿ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಡಾಕ್ಟರ ಹತ್ತಿರ ಹೋದರೆ ಅದೇ ಎಂದುಬಿಟ್ಟರೆ? ಹೋಗದಿದ್ದರೆ ಅದು ಅಲ್ಲ ಎಂದುಕೊಂಡಾದರೂ ಇರಬಹುದಲ್ಲ.

ಒಂದು ಬೆಳಿಗ್ಗೆ ನೀರಿನ ಬಿಂದಿಗೆ ಎತ್ತಲು ಹೋಗಿ ತಡೆಯಲಾರದೆ "ಅವ್ವಾ" ಎಂದೆ. ಅತ್ತೆ ಹೌಹಾರಿ ಏನಾಯಿತೆಂದು ಕೇಳಿದರು. "ಎದಿ ನೋಯಾಕತ್ತೈತ್ರಿ" ಎಂದೆ. ನನ್ನ ಬಾಯಿಗೆ ಬಂದದ್ದೇ ಆ ಮಾತು. ಅತ್ತೆ ಅದನ್ನು ಒಳಗೆ ದಾಡಿ ಮಾಡಿಕೊಳ್ಳುತ್ತಿದ್ದ ಮಗನಿಗೆ ಕೂಗಿ ಹೇಳಿದರು. ಅವರು ಅರ್ಧ ಮುಖಕ್ಕೆ ಸೋಪು ಇದ್ದಂತೆಯೇ ಓಡಿ ಬಂದರು, ನನ್ನನ್ನು ಆಟೋದಲ್ಲಿ ಹಾಕಿಕೊಂಡು ನೇರವಾಗಿ ಹೃದಯದ ದವಾಖಾನೆಗೆ ಒಯ್ದರು.

ಅಲ್ಲಿ ನಾನೇನು ಹೇಳಲಿ! ಅಷ್ಟು ಜನರ ಮುಂದೆ, ಹಾಗಲ್ಲ, ಅದು ಬೇರೆ ಎದೆ ಎನ್ನಲು ನಾಲಿಗೆ ಏಳಲಿಲ್ಲ. ಮಲಗಿಸಿದರು. ಇಸಿಜಿ ತೆಗೆಯುವ ಹುಡುಗಿ ರಬ್ಬರಿನ ಬುಗ್ಗೆ ಒತ್ತಿ ಎದೆಗೆ ಅಂಟಿಸಿದಳು. ಅದು ಚರ್ಮವನ್ನು ಚಪ್ಪ್ ಎಂದು ಎಳೆದುಕೊಂಡಿತು ನೋಡಿ, ನಾನು ಕಿರುಚಿದ ರಭಸಕ್ಕೆ ಹೊರಗೆ ಕೂತಿದ್ದ ನಮ್ಮವರು ನಾನು ಹೋಗೇಬಿಟ್ಟೆ ಎಂದುಕೊಂಡರಂತೆ. ಹೃದಯ ಗಟ್ಟಿಮುಟ್ಟಾಗಿತ್ತು. ಗ್ಯಾಸ್ ಇರಬಹುದು, ಟೆನ್ಶನ್ ಬೇಡ ಎಂದು ಹೇಳಿ ಕಳಿಸಿದರು. ಮನೆಯಲ್ಲಿ ಮಾತ್ರ ನಾನು ಹೃದಯದ ರೋಗಿಯಾಗಿಯೇ ಉಳಿದೆ. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಹಾಲು ಕುಡಿಸುತ್ತಿದ್ದರು, ನಮ್ಮವರು ಮೆಟ್ಟಿಲು ನಿಧಾನ ಹತ್ತು ಎನ್ನುತ್ತಿದ್ದರು. ಅವರ ಕಾಳಜಿ ಕಂಡು ನನಗೆ ಅಳು ಬರುತ್ತಿತ್ತು. ಮುಂದಿನ ತಿಂಗಳು ನೋವು ಹೇಳಿ ಕಳಿಸಿದ ಹಾಗೆ ಮತ್ತೆ ಬಂತು.

ಆ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಚಳಿಗಾಲ, ಹಸಿ ತೊಗರಿಯ ಕಾಲ. ಕಾಕು ಮೆಟ್ಟಿಲ ಬುಡದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು, ಮುಂದೆ ಮೊರ ಇಟ್ಟುಕೊಂಡು ತೊಗರಿಕಾಯಿ ಸುಲಿಯುತ್ತಿದ್ದರು. ನಾನು ಆಫೀಸಿನ ಚೀಲವನ್ನು ಎರಡೂ ಕೈಯಿಂದ ಎದೆಗೆ ಅಪ್ಪಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದೆ. ಕಾಕು ತಲೆ ಎತ್ತಿ ನೋಡಿದರು. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು.

"ಬಾ ಇಲ್ಲೆ. ಕುಂಡ್ರು."

"ಆಫೀಸಿಗೆ ಲೇಟ್ ಆಗತೈತ್ರಿ ಕಾಕು."

"ಆಗ್ಲಿ. ನಿಮ್ಮ ಅತ್ತಿ ಹೇಳ್ತಿದ್ಲು, ನಿನಗ ಎದಿ ನೋವಂತ. ಎದಿ ಅಂದ್ರ ಯಾವ ಎದಿ?"

ನಾನು ಮೊರದಿಂದ ಒಂದು ಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.

"ಮೊಲಿ ನೋಯ್ತಾವೇನ?" ಎಂದರು. ಮೆಲ್ಲಗೆ ಅಲ್ಲ, ಅವರ ತರಕಾರಿಯ ದನಿಯಲ್ಲೇ. ನಾನು ಗಾಬರಿಯಾಗಿ ಗೇಟಿನ ಕಡೆ ನೋಡಿದೆ. ಕಾಕು ಸಿಟ್ಟಿಗೆದ್ದರು. "ಅಲ್ಲಿ ಏನ ನೋಡ್ತೀ? ನಿನ್ನ ಮಗಳು ಕೂಸಿದ್ದಾಗ ಮನೀ ಮಂದೆಲ್ಲ ಮೊಲಿ ಕೊಡು, ಮೊಲಿ ಕೊಡು ಅಂತಿದ್ರಿಲ್ಲೋ? ಆವಾಗ ಯಾರಿಗೂ ನಾಚಿಕಿ ಇರಲಿಲ್ಲ. ಈಗ ನೋವಾತು ಅಂದ ಕೂಡಲೆ ಅದಕ್ಕ ಇದ್ದ ಹೆಸರು ಎಲ್ಲಿ ಹೋತು?"

ಕೂಸಿಗೆ ಹಾಲು ಕುಡಿಸುವಾಗ ಮನೆಯಲ್ಲಿ ಎಲ್ಲರ ಬಾಯಲ್ಲಿ ಓಡಾಡಿದ ಮಾತು, ಅದು ನಮ್ಮ ಮೈಯ ನೋವಾದಾಗ ಎದೆ ಆಗಿಬಿಡುತ್ತದೆ. ಎದೆ ಎಂದರೆ ಅದರೊಳಗೆ ಹೃದಯ, ಶ್ವಾಸಕೋಶ, ದುಃಖ, ಧೈರ್ಯ ಎಲ್ಲ ಬಂತು. ದೊಡ್ಡವ್ವ ಅದೇ ಮಾತಿನ ಹಿಂದೆ ಅಡಗಿಕೊಂಡು ಹೋದಳು. ನಾನು ತಲೆಯಾಡಿಸಿ ಹೌದು ಎಂದೆ.

ಆಮೇಲೆ ಕಾಕು ಹೇಳಿದ ಮಾತು ಕೇಳಿ ನಾನು ಬೆರಗಾದೆ.

"ನೀ ಹಿಂಗ ಚೀಲ ಅಪ್ಪಿಕೊಂಡು ಇಳದಿ ಅಂದ್ರ ನಾ ಒಳಗ ಹೋಗಿ ಅರಳಿ ತಗೀತೀನಿ. ಬತ್ತಿ ಹೊಸಿಯೂದು ಶುರು. ಯಾಕಂದ್ರ ಇನ್ನ ಸ್ವಲ್ಪ ದಿನಕ್ಕ ನೀ ನನಗ ದೀಪಕ್ಕ ಕರೀತೀ. ಕರದ ಮ್ಯಾಲೆ ನಿನ್ನ ಕೈಯಾಗ ಬಿಂದಿಗಿ ಬರತೈತಿ, ಕೂಸನ್ನ ಎತ್ತಿಕೋತೀ, ಧಡಧಡ ಮೆಟ್ಲ ಇಳೀತೀ. ಎಷ್ಟ ತಿಂಗಳಿಂದ ನೋಡಾಕತ್ತೀನಿ, ಬರೋಬರ್ ಹಂಗ."

ನಾನು ನನ್ನ ಮೈಯನ್ನೇ ನೋಡಿಕೊಂಡು ಹೆದರುತ್ತ ಕೂತಿದ್ದೆ. ನೋವು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎನ್ನುವುದನ್ನು ಮುಟ್ಟಿನ ಜೊತೆ ಇಟ್ಟು ನೋಡಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮೈಲಿಗೆಯೆಂದು ನನ್ನನ್ನು ದೇವರಿಂದ ದೂರ ಇಟ್ಟ ಪದ್ಧತಿಯೇ ಕೆಳಗಿನ ಮನೆಯ ಒಬ್ಬ ಹೆಂಗಸಿಗೆ ನನ್ನ ತಿಂಗಳ ಲೆಕ್ಕ ಒಪ್ಪಿಸುತ್ತಿತ್ತು. ಅವರು ಅದನ್ನು ಬಾಯಿಬಿಟ್ಟು ಆಡದೆ ಬತ್ತಿ ಹೊಸೆದು ಇಡುತ್ತಿದ್ದರು. ಇಷ್ಟು ದೊಡ್ಡ ಬಾಯಿಯ ಹೆಂಗಸು ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರಲ್ಲ ಎಂದು ನನಗೆ ಇವತ್ತಿಗೂ ಆಶ್ಚರ್ಯ.

"ನನಗೂ ಹಿಂಗ ಆಗತಿತ್ತು" ಎಂದರು ಕಾಕು, ಸ್ವಲ್ಪ ತಣ್ಣಗಾಗಿ. "ಹೊರಗಾಗೂ ಮೊದಲ ಕಲ್ಲ ಕಲ್ಲ ಆಗತಿದ್ದವು. ಆದ ಮ್ಯಾಲೆ ಹಗರ. ಆದ್ರ ನಾ ಡಾಕ್ಟರ್ ಅಲ್ಲ. ನನಗ ಇದ್ದದ್ದ ನಿನಗ ಇರಬೇಕಂತ ಏನಿಲ್ಲ. ತೋರ್ಸೂಣು."

ಈ ಒಂದು ಮಾತಿಗಾಗಿ ನಾನು ಅವರಿಗೆ ಜನ್ಮವಿಡೀ ತಲೆಬಾಗಬೇಕು. ಉಪ್ಪಿನ ಬಗ್ಗೆ, ಸೀರೆಯ ಬಗ್ಗೆ, ಲೋಕದ ಎಲ್ಲದರ ಬಗ್ಗೆ ತೀರ್ಪು ಕೊಡುವವರು ಇಲ್ಲಿ ತೀರ್ಪು ಕೊಡಲಿಲ್ಲ. ಆಗ ನನಗೆ ತಡೆಯಲಾಗಲಿಲ್ಲ, ದೊಡ್ಡವ್ವನ ಕಥೆಯೆಲ್ಲ ಹೇಳಿಬಿಟ್ಟೆ, ಸೀರೆಯ ತುಂಡು ಒಗೆಯುತ್ತಿದ್ದುದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಕಾಕು ಏನೂ ಆಗುವುದಿಲ್ಲ, ಸುಮ್ಮನಿರು ಎಂದು ಸಮಾಧಾನ ಮಾಡಲಿಲ್ಲ. ಸೆರಗಿಗೆ ಅಂಟಿದ ತೊಗರಿ ಸಿಪ್ಪೆ ಕೊಡವಿ ಎದ್ದು ನಿಂತರು. "ಅಂಜಿಕಿ ಮನ್ಯಾಗ ಕುಂತ್ರ ಹೋಗಾಂಗಿಲ್ಲ. ನಡಿ, ಜಲ್ದಿ" ಎಂದರು. ನಾನು ಆಫೀಸಿಗೆ ಫೋನ್ ಮಾಡಿ ರಜೆ ಹೇಳಿದೆ.

ಪ್ರತಾಪ ನಗರದ ಕಡೆ ಒಬ್ಬ ಲೇಡಿ ಡಾಕ್ಟರು ಕಾಕುಗೆ ಗೊತ್ತಿದ್ದರು. ಕಾಕು ನನ್ನ ಸ್ಕೂಟರಿನ ಹಿಂದೆ ಕೂತು, ಪ್ರತಿ ಸ್ಪೀಡ್ ಬ್ರೇಕರಿಗೂ "ಹಳೂ ಹಳೂ, ನಿಧಾನ" ಎಂದು ನನ್ನ ಭುಜ ಅದುಮುತ್ತಿದ್ದರು. ದವಾಖಾನೆಯಲ್ಲಿ ಹೆಸರು ಬರೆಯುವ ಹುಡುಗಿ ಏನು ತೊಂದರೆ ಎಂದು ಮರಾಠಿಯಲ್ಲಿ ಕೇಳಿದಳು. ನನ್ನ ಬಾಯಿಂದ ಮತ್ತೆ "ಛಾತೀತ್..." ಎಂದು ಹೊರಟಿತು. ಮರಾಠಿಯಲ್ಲೂ ಅದೇ ಕಥೆ, ಎಲ್ಲಕ್ಕೂ ಒಂದೇ ಎದೆ. ಹುಡುಗಿ ಕೂಡಲೇ ಗಾಬರಿಯಾಗಿ, ಹಾಗಾದರೆ ಹೃದಯದವರ ಹತ್ತಿರ ಹೋಗಿ ಎಂದಳು. ಕಾಕು ಹಿಂದಿನಿಂದ ಬಗ್ಗಿ, "ಛಾತೀತ್ ನಾಹೀ ಗ, ಸ್ತನಾತ್ ದುಖತಂ ತಿಲಾ", ಎದೆಯಲ್ಲಲ್ಲ, ಸ್ತನದಲ್ಲಿ ನೋವು ಅವಳಿಗೆ ಎಂದು ಗಟ್ಟಿಯಾಗಿ ತಿದ್ದಿದರು. ಬೆಂಚಿನ ಮೇಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ನನಗೆ ಭೂಮಿಯೊಳಗೆ ಇಳಿದುಹೋಗೋಣ ಅನಿಸಿತು. ಆಗ ಬೆಂಚಿನ ತುದಿಗಿದ್ದ ಯಾರೋ ಒಬ್ಬಳು ಪಕ್ಕಕ್ಕೆ ಸರಿದು, ಕೂತುಕೊಳ್ಳಿ ತಾಈ, ನನಗೂ ಅದೇ ಎಂದಳು.

ಡಾಕ್ಟರು ಸಮಾಧಾನದ ಹೆಂಗಸು. ನೋವು ಮುಟ್ಟಿಗೆ ಮುಂಚೆ ಬರುತ್ತದೋ, ಯಾವಾಗಲೂ ಇರುತ್ತದೋ ಎಂದು ಕೇಳಿದರು. ನಾನು ತಡವರಿಸಿದೆ. ಕಾಕು ನಡುವೆ ಬಾಯಿ ಹಾಕಿ ಚೀಲದಿಂದ ಹಿಡಿದು ಬತ್ತಿಯವರೆಗೆ ಎಲ್ಲವನ್ನೂ ಒದರಿದರು. ಡಾಕ್ಟರು ನಕ್ಕು, ನನಗೆ ಬೇಕಾದ ಮಾಹಿತಿ ಇಷ್ಟೇ ಎಂದರು. ಆಮೇಲೆ ಕಾಕುವನ್ನು ಹೊರಗೆ ಕೂರಿಸಿ, ಪರದೆ ಎಳೆದು, ಎರಡೂ ಕಡೆ, ಕಂಕುಳಲ್ಲಿ, ಬೆರಳಿನಿಂದ ನಿಧಾನವಾಗಿ ಒತ್ತಿ ನೋಡಿದರು. ಗಂಟು ಕೈಗೆ ಹತ್ತಲಿಲ್ಲ. ದೊಡ್ಡವ್ವನ ವಿಷಯ ಹೇಳಿದಾಗ, ನಿಮ್ಮ ಮನಸ್ಸಿಗೂ ನನ್ನ ಮನಸ್ಸಿಗೂ ಖಾತ್ರಿಯಾಗಲಿ ಎಂದು ಸೋನೋಗ್ರಫಿಗೂ ಬರೆದುಕೊಟ್ಟರು.

ಆ ರಿಪೋರ್ಟು ಬರುವವರೆಗೆ ಕಾಕು ನನ್ನ ಪಕ್ಕದಲ್ಲಿ ಒಂದು ಮಾತೂ ಆಡದೆ ಕೂತಿದ್ದರು. ಅವರು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಕಂಡಿದ್ದು ಆಗೊಮ್ಮೆ ಮಾತ್ರ. ನನ್ನ ಕೈ ಅವರ ಕೈಯಲ್ಲಿತ್ತು. ಬತ್ತಿ ಹೊಸೆಯುವ ರೂಢಿಗೆ ಅವರ ಹೆಬ್ಬೆರಳು ನನ್ನ ಬೆರಳುಗಳ ಮೇಲೆ ಓಡಾಡುತ್ತಲೇ ಇತ್ತು...

ಏನೂ ಇರಲಿಲ್ಲ. ಡಾಕ್ಟರು ರಿಪೋರ್ಟು ನೋಡಿ ಕನ್ನಡಕ ತೆಗೆದು ನಕ್ಕಾಗ ನನ್ನ ಮಗಳ ಜಡೆ ನೆನಪಾಯಿತು. ಅವಳ ಜಡೆ ನಾನೇ ಹಾಕುತ್ತೇನೆ ಎಂದುಕೊಂಡೆ.

ಮುಟ್ಟಿಗೆ ಮುಂಚೆ ಮೈಯೊಳಗೆ ಹಾರ್ಮೋನುಗಳ ಏರಿಳಿತವಾಗುತ್ತದೆ, ಅದಕ್ಕೆ ಮೊಲೆಗಳು ಊದಿ ಭಾರವಾಗುತ್ತವೆ, ಮುಟ್ಟು ಶುರುವಾಗುತ್ತಿದ್ದಂತೆ ಇಳಿಯುತ್ತವೆ, ಎಷ್ಟೋ ಹೆಂಗಸರಿಗೆ ಇದು ಇದ್ದದ್ದೇ ಎಂದು ಡಾಕ್ಟರು ಬಿಡಿಸಿ ಹೇಳಿದರು. ಹೀಗೆ ಬಂದು ಹೋಗುವ ನೋವು ಕ್ಯಾನ್ಸರಿನದಾಗಿರುವುದು ಬಹಳ ಅಪರೂಪವಂತೆ. ಆದರೆ ನೋವು ಒಂದೇ ಕಡೆ ಒಂದೇ ಜಾಗದಲ್ಲಿ ಕೂತುಬಿಟ್ಟರೆ, ಮುಟ್ಟು ಬಂದು ಹೋದರೂ ಬಿಡದಿದ್ದರೆ, ಗಂಟು ಸಿಕ್ಕರೆ, ಚರ್ಮ ಒಳಗೆ ಸೆಳೆದಂತೆ ಕಂಡರೆ, ತೊಟ್ಟಿನಿಂದ ರಕ್ತವೋ ನೀರೋ ಬಂದರೆ ಮಾತ್ರ ನಾಚಿಕೊಂಡು ಕೂರಬೇಡಿ, ಆ ದಿನವೇ ಬನ್ನಿ ಎಂದರು. ನಾಚಿಕೆ ಎಂದಾಗ ಕಾಕು ನನ್ನ ಕಡೆ ಕಣ್ಣು ಬಿಟ್ಟರು. ಬಿಸಿನೀರಿನಲ್ಲಿ ಹಿಂಡಿದ ಟವೆಲ್ಲೋ, ತಣ್ಣನೆಯ ಬಟ್ಟೆಯೋ, ಯಾವುದು ಹಿತವೋ ಅದನ್ನು ಇಡಬಹುದು. ತೀರಾ ಆದಾಗ ಹಚ್ಚಲು ಒಂದು ಜೆಲ್, ನುಂಗಲು ಒಂದು ಗುಳಿಗೆ, ಅದೂ ಊಟದ ಮೇಲೆ. ಚಹಾ ಕಡಿಮೆ ಮಾಡಿದರೆ ಕೆಲವರಿಗೆ ಹಗುರ ಅನಿಸುತ್ತದೆ, ಕೆಲವರಿಗೆ ಏನೂ ವ್ಯತ್ಯಾಸವಾಗದು, ಮಾಡಿ ನೋಡಿ ಎಂದರು. "ಆಕಿ ಬಿಡ್ಲಿ, ನನಗ ಹೇಳಬ್ಯಾಡ್ರಿ" ಎಂದು ಕಾಕು ಕನ್ನಡದಲ್ಲೇ ಉತ್ತರ ಕೊಟ್ಟರು. ಡಾಕ್ಟರಿಗೆ ಅರ್ಥವಾಗದಿದ್ದರೂ ನಕ್ಕರು.

ಮುಖ್ಯವಾಗಿ ಹೇಳಿದ್ದು ಒಳಉಡುಪಿನ ವಿಷಯ. ನಾನು ಮದುವೆಯಲ್ಲಿ ಕೊಂಡ ಅಳತೆಯನ್ನೇ ಮಗಳು ಹುಟ್ಟಿದ ಮೇಲೂ ಕೊಳ್ಳುತ್ತಿದ್ದೆ. ಅಂಗಡಿಯಲ್ಲಿ ಗಂಡಸರು ಇರುತ್ತಾರೆಂದು ಅಳತೆ ಹೇಳಿ, ಕಾಗದದಲ್ಲಿ ಸುತ್ತಿಸಿಕೊಂಡು ಓಡಿ ಬರುವುದು. ಡಾಕ್ಟರು ನೋಡಿ, ಇದು ನಿಮಗೆ ಆಧಾರ ಕೊಡುತ್ತಿಲ್ಲ, ಕೊರೆಯುತ್ತಿದೆ ಎಂದರು. ಅವತ್ತೇ ಕಾಕು ನನ್ನನ್ನು ಅಂಗಡಿಗೆ ಎಳೆದುಕೊಂಡು ಹೋಗಿ, ಗಲ್ಲಾದ ಮೇಲೆ ಕೂತಿದ್ದವನಿಗೆ "ನೀ ಬಾಜೂಕ ಸರಿ, ಹುಡುಗೀನ ಕಳಸು" ಎಂಬರ್ಥದ ಮರಾಠಿ ಒಗೆದು, ಹುಡುಗಿ ಟೇಪು ಹಿಡಿದು ಸರಿಯಾಗಿ ಅಳತೆ ತೆಗೆಯುವವರೆಗೆ ಬಾಗಿಲಲ್ಲಿ ಕಾವಲು ನಿಂತರು. ಹಗಲಿಗೆ ಗಟ್ಟಿಯಾಗಿ ಹಿಡಿಯುವಂಥದ್ದು, ಮಲಗುವಾಗ ಮೆತ್ತನೆಯದು. ವಾಪಸು ಬರುವಾಗ ಸ್ಪೀಡ್ ಬ್ರೇಕರಿನ ಮೇಲೆ ನಾನು ನಿಧಾನ ಮಾಡಲು ಮರೆತೆ. ಹಿಂದಿನಿಂದ ಬೈಗುಳ ಬಂತು, ಆದರೆ ನನಗೆ ಮೊದಲಿನಂತೆ ಜೀವ ಹೋಗಲಿಲ್ಲ.

ಮನೆಗೆ ಬಂದು ಕಾಕು ನೇರವಾಗಿ ನನ್ನ ಅತ್ತೆಯ ಎದುರು ಕೂತರು. "ನಿಮ್ಮ ಸೊಸಿ ಹೃದಯ ಚಲೋ ಐತ್ರಿ. ಅದರ ಮ್ಯಾಲಿಂದು ನೋಯ್ತೈತಿ. ಬಳ್ಳೊಳ್ಳಿ ಹಾಲು ಸಾಕ ಮಾಡ್ರಿ, ಪಾಪ" ಎಂದರು. ನಾನು ಅಡುಗೆಮನೆಯಲ್ಲಿ ಬಾಗಿಲ ಮರೆಗೆ ನಿಂತಿದ್ದೆ. ಅತ್ತೆ ನೆಲ ನೋಡುತ್ತ, "ನನಗೂ ಆಗತಿತ್ತು... ಎಲ್ಲಾರಿಗೂ ಆಗತೈತೋ ಏನೋ ಅಂತ ಸುಮ್ಮನಿದ್ದೆ" ಎಂದರು. ಕಾಕು ಅವರ ಮೊಣಕಾಲ ಮೇಲೆ ಕೈ ಇಟ್ಟರು. ಒಂದೇ ಕಟ್ಟಡದಲ್ಲಿ ಮೂವರು ಹೆಂಗಸರು, ಮೂವರದೂ ಅದೇ ನೋವು.

ನೋವು ಪೂರ್ತಿ ಹೋಗಲಿಲ್ಲ, ತಿಂಗಳು ತಿಂಗಳು ಬರುತ್ತಿತ್ತು. ಆದರೆ ಅದರ ಜೊತೆ ಬರುತ್ತಿದ್ದ ದೊಡ್ಡವ್ವನ ಮುಖ ಬರುವುದು ನಿಂತಿತು. ಹೆದರಿಕೆ ಹೋದ ಮೇಲೆ ಉಳಿದ ನೋವು ನಿಭಾಯಿಸುವಷ್ಟೇ ಇತ್ತು. ಕಾಕು ಕೆಳಗಿನಿಂದ ನಾನು ಇಳಿಯುವ ರೀತಿ ನೋಡಿ, "ಅರಳಿ ತಗೀಲೇನ?" ಎಂದು ಕೂಗುತ್ತಿದ್ದರು. ನಮ್ಮವರಿಗೆ ಇದೂ ದೇವರ ವಿಷಯವೇ.

ಹೀಗೆ ವರ್ಷಗಳು ಕಳೆದವು. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಕೆಳಗಿನಿಂದ ನನ್ನ ಹೆಸರು ಹಿಡಿದು ಕರೆದದ್ದು ಕೇಳಿಸಿತು. ದನಿ ಸಣ್ಣದಾಗಿತ್ತು, ಅದಕ್ಕೇ ನಾನು ಓಡಿದೆ. ಕಾಕು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಮುಖದ ತುಂಬ ಬೆವರು. ಮಡಿಲಲ್ಲಿ ಬತ್ತಿಯ ಡಬ್ಬಿ.

"ಎದಿ ನೋಯ್ತೈತಿ" ಎಂದರು.

ನನ್ನ ಬಾಯಿಂದ ತಾನಾಗಿ ಬಂತು. "ಎದಿ ಅಂದ್ರ ಯಾವ ಎದಿ, ಕಾಕು?"

ಅಂಥ ಹೊತ್ತಿನಲ್ಲೂ ಅವರ ತುಟಿ ನಕ್ಕಿತು. "ಈ ಸಲ ಒಳಗಿಂದು" ಎಂದರು.

ತಡ ಮಾಡಲಿಲ್ಲ. ಕಾಕಾ, ನಾನು, ನಮ್ಮವರು ಸೇರಿ ಆಗಿಂದಾಗ ಒಯ್ದೆವು. ದವಾಖಾನೆಯ ಬಾಗಿಲಲ್ಲಿ ಕೇಳಿದವರಿಗೆ ನಾನು ತಡವರಿಸದೆ ಹೇಳಿದೆ, ಹೃದಯ ಎಂದು. ಅವರು ಮಾಡುವುದೆಲ್ಲ ಮಾಡಿದರು. ಕಾಕು ಕೆಲವು ದಿನ ಇದ್ದರು, ನರ್ಸುಗಳ ಉಪ್ಪಿಟ್ಟಿಗೆ ಉಪ್ಪು ಸರಿ ಇಲ್ಲ ಎಂದೂ ಹೇಳಿದರು. ಹೇಳಿದರಲ್ಲ, ಇನ್ನು ಮನೆಗೆ ಬಂದೇಬರುತ್ತಾರೆ ಎಂದು ನಾನು ನಂಬಿದ್ದೆ. ಬರಲಿಲ್ಲ.

ಅವರು ಹೋದ ಮೇಲೆ ಮೊದಲ ಸಲ ನಾನು ಹೊರಗಾದಾಗ ಸಂಜೆ ರೂಢಿಯಂತೆ ಮೆಟ್ಟಿಲಿಗೆ ಹೋದೆ. "ಕಾಕು, ದೀಪ..." ಎಂದು ಬಾಯಿ ತೆರೆದು ನಿಂತೆ. ಕೆಳಗೆ ಬಾಗಿಲಿಗೆ ಬೀಗವಿತ್ತು. ಕಾಕಾ ಮಗಳ ಮನೆಗೆ ಹೋಗಿದ್ದರು. ಎಷ್ಟು ಹೊತ್ತು ನಿಂತೆನೋ. ಒಳಗಿನಿಂದ ಅತ್ತೆಯ ದನಿ ಬಂತು.

"ಒಳಗ ಬಾ. ನೀನ ಹಚ್ಚು."

ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ. ಅತ್ತೆ ಮತ್ತೆ ಹೇಳಿದರು. "ಆಕಿ ಇದ್ದಾಗ ಆಕಿ ಹಚ್ಚತಿದ್ಲು. ಈಗ ನೀನ ಹಚ್ಚು. ದೇವರಿಗೆ ಏನ ಗೊತ್ತಿಲ್ಲೇನ?" ಅವರ ಕಣ್ಣು ಒದ್ದೆಯಾಗಿತ್ತು. ನಾನು ದೇವರ ಮುಂದೆ ಕೂತು ಹಚ್ಚಿದೆ. ನಮ್ಮ ಮನೆಯಲ್ಲಿ ಆ ಪದ್ಧತಿ ಅವತ್ತಿಗೇ ಮುಗಿಯಿತು, ಅದರ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಈಗ ಕೆಳಗಿನ ಮನೆಯಲ್ಲಿ ಕೋಚಿಂಗ್ ಕ್ಲಾಸು ನಡೆಯುತ್ತದೆ. ಮೆಟ್ಟಿಲ ಬುಡದಲ್ಲಿ ಹುಡುಗರ ಚಪ್ಪಲಿಗಳ ರಾಶಿ. ಮೊನ್ನೆ ಮಹಾಲಿನಿಂದ ಅರಳೆ ತಂದು ಸೋಫಾದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದೆ. ಶಾಲೆಯಿಂದ ಬಂದ ಮಗಳು ಚೀಲವನ್ನು ಎರಡೂ ಕೈಯಿಂದ ಎದೆಗೆ ಅಪ್ಪಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ನನ್ನ ಕೈ ನಿಂತಿತು.

"ಆಯಿ, ಛಾತೀ ದುಖತೇಯ್ ಗ. ನಾಳೆ ಬಾಸ್ಕೆಟ್‌ಬಾಲ್ ನಕೋ ನನಗ" ಎಂದಳು.

"ಎದಿ ಅಂದ್ರ ಯಾವ ಎದಿ?" ಎಂದೆ.

ಅವಳು ನನ್ನ ಮುಖ ನೋಡಿ, ಇದೆಂಥ ಪ್ರಶ್ನೆ ಎನ್ನುವಂತೆ ಹೇಳಿದಳು. "ಮೊಲಿ, ಆಯಿ. ಎರಡೂ. ಪ್ರತಿ ಸಲ ಪಿರಿಯಡ್‌ಗೆ ಮೊದಲ ಆಗ್ತದ ಅಲಾ, ಹಂಗ." ಗೇಟಿನ ಕಡೆ ನೋಡಲಿಲ್ಲ, ದನಿ ತಗ್ಗಿಸಲಿಲ್ಲ. ಚೀಲ ಬಿಸಾಕಿ, ಫ್ರಿಜ್ ತೆರೆದು, ತಿನ್ನಲು ಏನಿದೆ ಎಂದು ಹುಡುಕತೊಡಗಿದಳು. ಅವಳಿಗೆ ಟವೆಲ್ ಬಿಸಿ ಮಾಡಿ ಕೊಟ್ಟೆ. ಶನಿವಾರ ಇಬ್ಬರೂ ಹೋಗಿ ಅವಳಿಗೆ ಸರಿಯಾದ ಅಳತೆಯದು ತರೋಣ ಎಂದೆ, ಹೂಂ ಎಂದಳು. ಇಷ್ಟು ಸಲೀಸಾಗಿ ಮುಗಿದುಹೋಯಿತು ಆ ಮಾತು.

ಸಂಜೆ ನಾನು ಹೊಸೆದ ಬತ್ತಿಯನ್ನೇ ಹಚ್ಚಿದೆ. ಚಟಚಟ ಎಂದಿತು. ದೀಪ ಹತ್ತಿದ ಮೇಲೆ ಎದ್ದು ಮೆಟ್ಟಿಲವರೆಗೆ ಹೋದೆ. ಕರೆಯುವ ಕೆಲಸ ಏನೂ ಇರಲಿಲ್ಲ. ಆದರೂ ಕಾಕುವನ್ನು ಕರೆದು, ನಮ್ಮ ಹುಡುಗಿ ಆ ಮಾತನ್ನು ಹೇಗೆ ಹೇಳಿದಳು ಎಂದು ಹೇಳಬೇಕಿತ್ತು.